ಔಷಧಿ ಡ್ರಮ್ಮಿನಲ್ಲಿ ಹತ್ತನೇ ಕ್ಲಾಸಿನ ಕೆಮಿಸ್ಟ್ರಿ

ಈ ಪಾಠ ಬರೀತಿರೋ ನಾವು ಮೂರು ಜನ. ಒಬ್ಬ ಶಿರಸಿ ಕಡೆಯವ, ಒಬ್ಬಳು ಸಿದ್ದಾಪುರದವಳು, ಇನ್ನೊಬ್ಬ ಯಲ್ಲಾಪುರದವ. ಮೂವರ ಮನೆಯಲ್ಲೂ ಅಡಿಕೆ ತೋಟ ಇದೆ. ಮೂವರ ಮನೆಯಲ್ಲೂ ಹೈಸ್ಕೂಲಿಗೆ ಹೋಗೋ ತಮ್ಮನೋ ತಂಗಿಯೋ ಇದ್ದಾರೆ. ರಜೆಗೆ ಊರಿಗೆ ಹೋದರೆ ಎಲ್ಲ ಕಡೆ ಒಂದೇ ಗೋಳು: "ಅಣ್ಣಾ, ಈ ಕೆಮಿಸ್ಟ್ರಿ ತಲೆಗೇ ಹೋಗ್ತಿಲ್ಲೆ."

ಸ್ಥಾನಪಲ್ಲಟ, ಪ್ರಕ್ಷೇಪ, ಬಹಿರುಷ್ಣಕ ಕ್ರಿಯೆ. ಹೆಸರೆಲ್ಲ ಬಾಯಿಪಾಠ ಆಗಿರುತ್ತದೆ. ಇವನ್ನೆಲ್ಲ ಕಣ್ಣಾರೆ ನೋಡಿಲ್ಲ ಅಂತ ಮಕ್ಕಳು ಅಂದ್ಕೊಂಡಿರ್ತಾರೆ. ಆದರೆ ನೋಡಿರ್ತಾರೆ. ಪ್ರತಿ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ತೋಟದ ಅಂಚಿನಲ್ಲಿ ಕೊಳೆ ಔಷಧಿ ಕಲಸುವ ಡ್ರಮ್ಮಿನಲ್ಲಿ ಆ ಪಾಠಗಳೆಲ್ಲ ಸಾಲಾಗಿ ನಡೆಯುತ್ತವೆ. ಹಾಗಾಗಿ ಈ ಸಲ ಆ ಡ್ರಮ್ಮನ್ನೇ ಪಾಠ ಮಾಡಿದ್ದೇವೆ. ನೀವು ಓದಿ, ರಜೆಗೆ ಹೋದಾಗ ನಿಮ್ಮ ಮನೆಯ ಹೈಸ್ಕೂಲು ಮಕ್ಕಳಿಗೆ ಹೇಳಿಕೊಡಿ.

ಮೊದಲು ರೋಗ

ಬಯಲುಸೀಮೆಯ ಗೆಳೆಯರಿಗಾಗಿ ಎರಡು ಮಾತು. ಬಿಡದೆ ಮಳೆ ಸುರಿದಾಗ ಅಡಿಕೆ ಕೊನೆಗೆ ಬರುವ ರೋಗ ಕೊಳೆ. ಕಾಯಿ ಕೊಳೆತು ಉದುರುತ್ತದೆ. ಇದಕ್ಕೆ ಕಾರಣ ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ನೋಡಲಿಕ್ಕೆ ಶಿಲೀಂಧ್ರದ ಹಾಗೆ, ಆದರೆ ಅದರ ಬೀಜಾಣುಗಳು ನೀರಿನಲ್ಲಿ ಈಜುತ್ತವೆ. ಕಾಯಿ ಮೇಲೆ ನೀರಿನ ತೆಳು ಪದರ ಇದ್ದರೆ ಸಾಕು, ಅದಕ್ಕೆ ದಾರಿ ಸಿಕ್ಕಿತು. ಕೊನೆಗೆ ಮಳೆ ತಾಗದ ಹಾಗೆ ಕೊಟ್ಟೆ ಕಟ್ಟುವುದು ನಮ್ಮ ಕಡೆಯ ಹಳೇ ಉಪಾಯ. ಈಗ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟುತ್ತಾರೆ. ಉಳಿದವರೆಲ್ಲ ಹೊಡೆಯುವುದು ಬೋರ್ಡೋ ದ್ರಾವಣ, ಅಂದ್ರೆ ಮೈಲುತುತ್ತ ಮತ್ತು ಸುಣ್ಣ.

ಹೆಸರು ಬಂದದ್ದು ಫ್ರಾನ್ಸಿನ ಬೋರ್ಡೋದಿಂದ. ಅಲ್ಲಿ ದಾರಿ ಬದಿಯ ದ್ರಾಕ್ಷಿಯನ್ನು ಜನ ಕದಿಯಬಾರದು ಅಂತ ರೈತರು ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರಂತೆ. ಹಾಗೆ ಎರಚಿದ ಬಳ್ಳಿಗಳಿಗೆ ಮಾತ್ರ ಬೂಜುರೋಗ ಬರಲಿಲ್ಲ. ಪ್ರೊಫೆಸರ್ ಮಿಲಾರ್ಡೆ ಇದನ್ನು ಗಮನಿಸಿ, ಪ್ರಯೋಗ ಮಾಡಿ, 1885ರಲ್ಲಿ ಪ್ರಕಟಿಸಿದರು. ನಮ್ಮ ಕಡೆಗೆ ಬಂದರೆ, ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೆಲಸಕ್ಕೆ ಸೇರಿ ಅಡಿಕೆಯ ಕೊಳೆರೋಗವನ್ನು ಅಧ್ಯಯನ ಮಾಡಿದರು. 1910ರಲ್ಲಿ ಅದರ ವರದಿ ಬಂತು. ದ್ರಾಕ್ಷಿಯ ಔಷಧಿ ಅಡಿಕೆ ಮರ ಹತ್ತಿದ್ದು ಹೀಗೆ.

ಪಾಠ 1: ನೀಲಿ ಹರಳು

ಶೇಕಡಾ 1ರ ಬೋರ್ಡೋಗೆ ಲೆಕ್ಕ ಸುಲಭ: 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು.

ಮೈಲುತುತ್ತ ಅಂದ್ರೆ ತಾಮ್ರದ ಸಲ್ಫೇಟ್. ಹರಳು ಒಣಗಿದಂತೆ ಕಂಡರೂ ಅದರೊಳಗೆ ನೀರಿದೆ. ಪ್ರತಿ ಒಂದು ತಾಮ್ರದ ಸಲ್ಫೇಟಿಗೆ ಐದು ನೀರಿನ ಅಣು. ತೂಕದಲ್ಲಿ ಹೇಳಬೇಕು ಅಂದ್ರೆ 1 ಕೆಜಿ ಹರಳಿನಲ್ಲಿ ಸುಮಾರು 360 ಗ್ರಾಂ ನೀರೇ! ಇದಕ್ಕೆ ಸ್ಫಟಿಕ ಜಲ ಅಂತಾರೆ. ಶಾಲೆಯ ಲ್ಯಾಬಿನಲ್ಲಿ ಹರಳನ್ನು ಕಾಯಿಸಿದರೆ ನೀರು ಹೋಗಿ ಬೆಳ್ಳಗಾಗುತ್ತದೆ. ಒಂದು ಹನಿ ನೀರು ಹಾಕಿದರೆ ಮತ್ತೆ ನೀಲಿ.

ಇದನ್ನು ನೀರಿನಲ್ಲಿ ಕರಗಿಸಿದರೆ ಬರುವ ದ್ರಾವಣ ಆಮ್ಲೀಯ. ನೀಲಿ ಲಿಟ್ಮಸ್ ಕೆಂಪಾಗುತ್ತದೆ. ಹಾಗೇ ಹೊಡೆದರೆ ಕಾಯಿ, ಎಲೆ ಸುಡುತ್ತವೆ. ಜೊತೆಗೆ ಕರಗಿದ ತಾಮ್ರ ಮೊದಲ ಮಳೆಗೇ ತೊಳೆದು ಹೋಗುತ್ತದೆ. ಸುಣ್ಣ ಬೇಕಾಗುವುದು ಇದಕ್ಕೇ.

ಪಾಠ 2: ಸುಣ್ಣದ ಮೂರು ಅವತಾರ

ಚಿಪ್ಪಿ ಅಥವಾ ಸುಣ್ಣದ ಕಲ್ಲು ಎರಡೂ ಕ್ಯಾಲ್ಸಿಯಂ ಕಾರ್ಬೊನೇಟ್. ಗೂಡಿನಲ್ಲಿ ಸುಟ್ಟರೆ:

ಕ್ಯಾಲ್ಸಿಯಂ ಕಾರ್ಬೊನೇಟ್ → ಕ್ಯಾಲ್ಸಿಯಂ ಆಕ್ಸೈಡ್ + ಇಂಗಾಲದ ಡೈಆಕ್ಸೈಡ್

ಇದು ವಿಭಜನೆ. ಸಿಕ್ಕ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬುಸ್ ಅಂತ ಹಬೆ ಬರುತ್ತದೆ, ಪಾತ್ರೆ ಮುಟ್ಟಲಿಕ್ಕೆ ಆಗುವುದಿಲ್ಲ:

ಕ್ಯಾಲ್ಸಿಯಂ ಆಕ್ಸೈಡ್ + ನೀರು → ಕ್ಯಾಲ್ಸಿಯಂ ಹೈಡ್ರಾಕ್ಸೈಡ್ + ಶಾಖ

ಎರಡು ಸೇರಿ ಒಂದಾಯಿತು, ಆದ್ದರಿಂದ ಸಂಯೋಗ. ಶಾಖ ಹೊರಗೆ ಬಂತು, ಆದ್ದರಿಂದ ಬಹಿರುಷ್ಣಕ. ಎರಡು ಹೆಸರು ಯಾಕೆ ಅಂತ ಮಕ್ಕಳು ಗೊಂದಲ ಮಾಡಿಕೊಳ್ಳುತ್ತಾರೆ. ಒಂದು ಹೆಸರು ಏನು ಸೇರಿತು ಅಂತ ಹೇಳುತ್ತದೆ, ಇನ್ನೊಂದು ಶಾಖ ಎತ್ತ ಹೋಯಿತು ಅಂತ ಹೇಳುತ್ತದೆ. ಅಷ್ಟೇ.

ಈ ಅರಳಿದ ಸುಣ್ಣವನ್ನು ಗಾಳಿಗೆ ಬಿಟ್ಟರೆ ನಿಧಾನಕ್ಕೆ ಗಾಳಿಯ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಮತ್ತೆ ಕಾರ್ಬೊನೇಟ್ ಆಗುತ್ತದೆ. ಚಿಪ್ಪಿಯಿಂದ ಹೊರಟದ್ದು ಚಿಪ್ಪಿಗೇ ವಾಪಸು. ಗೋಡೆಗೆ ಬಳಿದ ಸುಣ್ಣ ಗಟ್ಟಿಯಾಗುವುದು ಇದರಿಂದಲೇ. ಗೋಡೆಗೆ ಇದು ಒಳ್ಳೆಯದು, ಔಷಧಿಗೆ ಕೆಟ್ಟದ್ದು. ಈ ಮಾತನ್ನು ನೆನಪಿಡಿ, ಮುಂದೆ ಬೇಕು.

ಪಾಠ 3: ಡ್ರಮ್ಮಿನೊಳಗೆ

ಒಂದು ಪಾತ್ರೆಯಲ್ಲಿ 50 ಲೀಟರ್ ಮೈಲುತುತ್ತದ ನೀರು. ಇನ್ನೊಂದರಲ್ಲಿ 50 ಲೀಟರ್ ಸುಣ್ಣದ ಹಾಲು. ಮೈಲುತುತ್ತದ ನೀರನ್ನು ಸುಣ್ಣದ ಹಾಲಿಗೆ ನಿಧಾನಕ್ಕೆ ಹೊಯ್ಯುತ್ತಾ ಕೋಲಿನಿಂದ ತಿರುಗಿಸುತ್ತಿರಬೇಕು. ತಿಳಿ ನೀಲಿ ನೀರು, ಬಿಳಿ ಹಾಲು, ಎರಡೂ ಹೋಗಿ ಆಕಾಶದ ಬಣ್ಣದ ಮಂದ ದ್ರವ ಆಗುತ್ತದೆ:

ತಾಮ್ರದ ಸಲ್ಫೇಟ್ + ಕ್ಯಾಲ್ಸಿಯಂ ಹೈಡ್ರಾಕ್ಸೈಡ್ → ತಾಮ್ರದ ಹೈಡ್ರಾಕ್ಸೈಡ್ + ಕ್ಯಾಲ್ಸಿಯಂ ಸಲ್ಫೇಟ್

ಜೋಡಿ ಅದಲುಬದಲಾಯಿತು. ಇದು ದ್ವಿಸ್ಥಾನಪಲ್ಲಟ. ನೀರಿನಲ್ಲಿ ಕರಗದ ತಾಮ್ರದ ಹೈಡ್ರಾಕ್ಸೈಡ್ ಸಣ್ಣ ಕಣಗಳಾಗಿ ಹೊರಬಂತು. ಇದು ಪ್ರಕ್ಷೇಪ. (ನಿಜವಾದ ಡ್ರಮ್ಮಿನಲ್ಲಿ ಇನ್ನೂ ತೊಡಕಿನ ತಾಮ್ರದ ಲವಣಗಳೂ ಇರುತ್ತವೆ. ಹತ್ತನೇ ಕ್ಲಾಸಿಗೆ ಇಷ್ಟು ಸಾಕು.)

ಔಷಧಿಯ ಗುಟ್ಟು ಈ ಕರಗದಿರುವ ಗುಣದಲ್ಲೇ ಇದೆ. ಕಣಗಳು ಕಾಯಿಗೆ ಅಂಟಿ ಕೂರುತ್ತವೆ, ಮಳೆ ಬಂದರೂ ಬೇಗ ಹೋಗುವುದಿಲ್ಲ. ಅಲ್ಲಿಂದ ತಾಮ್ರ ತುಸು ತುಸುವೇ ನೀರಿಗೆ ಬಿಡುತ್ತಾ ಇರುತ್ತದೆ, ಈಜಿ ಬಂದ ಬೀಜಾಣು ಸಾಯುತ್ತದೆ. ರೋಗ ಒಳಗೆ ಹೊಕ್ಕ ಮೇಲೆ ಹೊಡೆದು ಪ್ರಯೋಜನ ಕಡಿಮೆ. ಅದಕ್ಕೇ ಮಳೆ ಹಿಡಿಯುವ ಮುಂಚೆ ಒಂದು ಸಲ, ಸುಮಾರು 40-45 ದಿನ ಬಿಟ್ಟು ಇನ್ನೊಂದು ಸಲ ಹೊಡೆಯುವುದು. ಕಲಸಿ ಇಟ್ಟರೆ ಕಣಗಳು ದಪ್ಪವಾಗಿ ಅಂಟುವ ಗುಣ ಕಳೆದುಕೊಳ್ಳುತ್ತವೆ. ಆವತ್ತಿನದು ಆವತ್ತೇ ಖಾಲಿಯಾಗಬೇಕು.

ಪಾಠ 4: ಒಂದು ಸಣ್ಣ ಲೆಕ್ಕ

ಮೋಲ್ ಅಂದ್ರೆ ಹೆದರುವ ಮಕ್ಕಳಿಗೆ ಇದನ್ನು ಮಾಡಿಸಿ. ಮೈಲುತುತ್ತದ ಒಂದು ಮೋಲ್ ಸುಮಾರು 250 ಗ್ರಾಂ. ಹಾಗಾದ್ರೆ 1 ಕೆಜಿ ಅಂದ್ರೆ 4 ಮೋಲ್. ಸಮೀಕರಣದ ಪ್ರಕಾರ ಅದಕ್ಕೆ 4 ಮೋಲ್ ಅರಳಿದ ಸುಣ್ಣ ಬೇಕು. ಒಂದು ಮೋಲ್ 74 ಗ್ರಾಂ, ನಾಲ್ಕಕ್ಕೆ 296 ಗ್ರಾಂ.

ಮತ್ತೆ 1 ಕೆಜಿ ಸುಣ್ಣ ಯಾಕೆ? ಪೇಟೆಯ ಸುಣ್ಣ ಶುದ್ಧ ಇರುವುದಿಲ್ಲ, ಅಷ್ಟಿಷ್ಟು ಕಾರ್ಬೊನೇಟ್ ಆಗಿಯೇ ಇರುತ್ತದೆ. ಕರಗಿದ ತಾಮ್ರ ಒಂದಿಷ್ಟೂ ಉಳಿಯದೆ ದ್ರಾವಣ ಸ್ವಲ್ಪ ಪ್ರತ್ಯಾಮ್ಲೀಯವಾಗಿಯೇ ಇರಲಿ ಅಂತ ಹೆಚ್ಚಿಗೆ ಹಾಕುವುದು. ನಾವು ಎಂಜಿನಿಯರಿಂಗಿನಲ್ಲಿ ಫ್ಯಾಕ್ಟರ್ ಆಫ್ ಸೇಫ್ಟಿ ಅಂತೀವಲ್ಲ, ಅದೇ.

ಪಾಠ 5: ಕತ್ತಿ ಹೇಳುವ ಸತ್ಯ

ಸುಣ್ಣ ಸಾಕಾಯಿತೋ ಇಲ್ಲವೋ ಗೊತ್ತಾಗುವುದು ಹೇಗೆ? ನಮ್ಮ ಅಜ್ಜಂದಿರು ಉಜ್ಜಿ ಹೊಳಪು ಮಾಡಿದ ಕಬ್ಬಿಣದ ಕತ್ತಿಯನ್ನು ಡ್ರಮ್ಮಿಗೆ ಅದ್ದಿ ಸ್ವಲ್ಪ ಹೊತ್ತು ಬಿಟ್ಟು ನೋಡುತ್ತಿದ್ದರು. "ಕತ್ತಿ ಕೆಂಪಾಜು, ಇನ್ನೂ ಸುಣ್ಣ ಹಾಕು."

ಆ ಕೆಂಪು ತುಕ್ಕಲ್ಲ, ತಾಮ್ರ! ಕಬ್ಬಿಣ ತಾಮ್ರಕ್ಕಿಂತ ಹೆಚ್ಚು ಕ್ರಿಯಾಶೀಲ. ಕರಗಿದ ತಾಮ್ರ ಉಳಿದಿದ್ದರೆ ಅದನ್ನು ಹೊರಗೆ ದೂಡಿ ಕಬ್ಬಿಣ ತಾನು ಕರಗುತ್ತದೆ:

ಕಬ್ಬಿಣ + ತಾಮ್ರದ ಸಲ್ಫೇಟ್ → ಕಬ್ಬಿಣದ ಸಲ್ಫೇಟ್ + ತಾಮ್ರ

ಶಾಲೆಯಲ್ಲಿ ಕಬ್ಬಿಣದ ಮೊಳೆಯನ್ನು ನೀಲಿ ದ್ರಾವಣದಲ್ಲಿ ಇಟ್ಟು ತೋರಿಸುವ ಸ್ಥಾನಪಲ್ಲಟ ಕ್ರಿಯೆ ಇದೇ. ಮೈಲುತುತ್ತವನ್ನು ಕಬ್ಬಿಣದ ಡ್ರಮ್ಮಿನಲ್ಲಿ ಕರಗಿಸಬಾರದು ಅನ್ನುವುದಕ್ಕೂ ಇದೇ ಕಾರಣ. ಸ್ಟೇನ್‌ಲೆಸ್ ಸ್ಟೀಲ್ ಚಾಕು ಈ ಪರೀಕ್ಷೆಗೆ ಬರುವುದಿಲ್ಲ.

ಇನ್ನೊಂದು ಪರೀಕ್ಷೆ ದೇವರ ಕೋಣೆಯಲ್ಲಿದೆ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಆರತಿಯ ಕೆಂಪು ನೀರು ಆಗುತ್ತದಲ್ಲ? ಅರಿಶಿನ ಒಂದು ಸೂಚಕ. ಕಾಗದಕ್ಕೆ ಅರಿಶಿನ ಬಳಿದು ಒಣಗಿಸಿ, ಔಷಧಿಯ ಮೇಲಿನ ತಿಳಿ ನೀರಿಗೆ ಅದ್ದಿ. ಕೆಂಪಾದರೆ ಸುಣ್ಣ ಸಾಕು, ಹಳದಿಯಾಗಿಯೇ ಇದ್ದರೆ ಸಾಲದು. ಕತ್ತಿ ಕೆಂಪಾದರೆ ಕೆಟ್ಟದ್ದು, ಅರಿಶಿನ ಕೆಂಪಾದರೆ ಒಳ್ಳೆಯದು. ತಿರುಗುಮುರುಗು ಮಾಡಿಕೊಳ್ಳಬೇಡಿ.

ನಾವು ಫೇಲಾದದ್ದು

ಈಗ ನಮ್ಮ ಕಥೆ. ನಾವು ಪಿಯುಸಿಯಲ್ಲಿದ್ದ ವರ್ಷ, ನಮ್ಮಲ್ಲಿ ಒಬ್ಬನ ಮನೆಯಲ್ಲಿ ಔಷಧಿ ಹೊಡೆಯುವ ದಿನ. ಹಿಂದಿನ ವರ್ಷದ ಸುಣ್ಣದ ಚೀಲ ಕೊಟ್ಟಿಗೆಯ ಮೂಲೆಯಲ್ಲಿ ಬಾಯಿ ತೆರೆದುಕೊಂಡೇ ಒಂದು ಇಡೀ ಮಳೆಗಾಲ ಕಳೆದಿತ್ತು. ಮೋಡ ಕಟ್ಟಿತ್ತು, ಕೊನೆಗೌಡ ಮರದ ಬುಡದಲ್ಲಿ ಕಾಯುತ್ತಾ ನಿಂತಿದ್ದ. "ಇದೇ ಸುಣ್ಣ ಹಾಕ್ವ, ಬಿಳಿ ಇದ್ದಲ" ಅಂದರು ಮನೆಯವರು. ಕತ್ತಿ ಅದ್ದಿ ನೋಡಲಿಕ್ಕೆ ಯಾರಿಗೂ ಪುರುಸೊತ್ತಿರಲಿಲ್ಲ.

ಬಿಳಿ ಇತ್ತು, ನಿಜ. ಆದರೆ ಕಾರ್ಬೊನೇಟೂ ಬಿಳಿಯೇ. ಹೊಡೆದ ಕೆಲವು ದಿನಕ್ಕೆ ಎಳೆ ಕಾಯಿಗಳ ಮೇಲೆ ಸುಟ್ಟ ಕಲೆ ಬಂತು. ಶ್ರಾವಣದ ಮಳೆಗೆ ಕೊಳೆಯೂ ಬಂತು. ಬೆಳಿಗ್ಗೆ ತೋಟಕ್ಕೆ ಹೋದರೆ ಬುಡದ ತುಂಬಾ ಉದುರಿದ ಕಾಯಿ. ಅವುಗಳನ್ನು ಬುಟ್ಟಿಗೆ ಹೆಕ್ಕುತ್ತಾ ಅಪ್ಪಯ್ಯ ಏನೂ ಮಾತಾಡಲಿಲ್ಲ. ಆ ವರ್ಷ ಹಾಸ್ಟೆಲ್ ಫೀಸಿಗೆ ಸಾಲ ಮಾಡಬೇಕಾಯಿತು.

ಆ ಡ್ರಮ್ಮನ್ನು ಕೋಲಿನಿಂದ ತಿರುಗಿಸಿದ್ದು ಹತ್ತನೇ ಕ್ಲಾಸಿನ ವಿಜ್ಞಾನದಲ್ಲಿ ತೊಂಬತ್ತರ ಮೇಲೆ ಅಂಕ ತೆಗೆದ ಹುಡುಗ. ಸುಣ್ಣದ ತಿಳಿನೀರು ಹಾಲಿನಂತಾಗುವ ಸಮೀಕರಣ ಅವನಿಗೆ ಬಾಯಿಪಾಠ ಇತ್ತು. ಚೀಲದೊಳಗೆ ನಡೆದದ್ದೂ ಅದೇ ಕ್ರಿಯೆ ಅಂತ ಹೊಳೆಯಲಿಲ್ಲ. ಈ ಪಾಠ ಬರೆಯಲಿಕ್ಕೆ ಅದೇ ಕಾರಣ.

ಒಂದು ನಿಂಬೆಹಣ್ಣು ಸಾಕಿತ್ತು. ಚಮಚ ಸುಣ್ಣಕ್ಕೆ ನೀರು ಕಲಸಿ ನಿಂಬೆರಸ ಹಿಂಡಿ. ಒಂದೆರಡು ಗುಳ್ಳೆ ಸಹಜ. ಜೋರಾಗಿ ನೊರೆ ಎದ್ದರೆ ಅದು ಇಂಗಾಲದ ಡೈಆಕ್ಸೈಡ್. ಸುಣ್ಣ ಕಾರ್ಬೊನೇಟ್ ಆಗಿದೆ, ಗೋಡೆಗೂ ಬೇಡ, ಔಷಧಿಗೂ ಬೇಡ.

ಎಚ್ಚರಿಕೆ

ಮೈಲುತುತ್ತ ವಿಷ. ಸುಣ್ಣ ಕಣ್ಣಿಗೆ ಹಾರಿದರೆ ದೃಷ್ಟಿಗೇ ಅಪಾಯ. ಮಕ್ಕಳಿಗೆ ತೋರಿಸುವಾಗ ಕನ್ನಡಕ, ಕೈಗವಸು ಇರಲಿ, ಕಲಸುವ ಕೆಲಸ ದೊಡ್ಡವರದ್ದು. ಇನ್ನೊಂದು ಮಾತು: 1 ಕೆಜಿ ಮೈಲುತುತ್ತದಲ್ಲಿ ಸುಮಾರು 254 ಗ್ರಾಂ ತಾಮ್ರ ಇದೆ. ತಾಮ್ರ ಧಾತು, ಕೊಳೆತು ಇಲ್ಲವಾಗುವುದಿಲ್ಲ. ಹೊಡೆದದ್ದರಲ್ಲಿ ಬಹುಪಾಲು ಕೊನೆಗೆ ತೋಟದ ಮಣ್ಣಿಗೇ ಸೇರುತ್ತದೆ. ಹಾಗಾಗಿ ಜಾಸ್ತಿ ಹಾಕಿದರೆ ಜಾಸ್ತಿ ಒಳ್ಳೆಯದು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ರಜೆಯ ಹೋಂವರ್ಕ್: ತಮ್ಮ ತಂಗಿಯರಿಗೆ ಕೇಳಿ

1. ಸುಟ್ಟ ಸುಣ್ಣವೇ ಸಿಕ್ಕರೆ 1 ಕೆಜಿ ಮೈಲುತುತ್ತಕ್ಕೆ ಸಮೀಕರಣದ ಪ್ರಕಾರ ಎಷ್ಟು ಬೇಕು? (ಒಂದು ಮೋಲ್ 56 ಗ್ರಾಂ. ಉತ್ತರ: 224 ಗ್ರಾಂ)

2. ಕತ್ತಿಯ ಬದಲು ಬೆಳ್ಳಿಯ ಚಮಚ ಅದ್ದಿದರೆ ತಾಮ್ರ ಕೂರುತ್ತದೆಯೇ? (ಇಲ್ಲ. ಬೆಳ್ಳಿ ತಾಮ್ರಕ್ಕಿಂತ ಕಡಿಮೆ ಕ್ರಿಯಾಶೀಲ)

3. ಮನೆಯ ಸುಣ್ಣದ ಚೀಲದ ಬಾಯಿ ಈಗ ಕಟ್ಟಿದೆಯೇ?

ಮೂರನೆಯದಕ್ಕೆ ಉತ್ತರ ನಮ್ಮ ಹತ್ತಿರ ಇಲ್ಲ. ಎದ್ದು ಹೋಗಿ ನೋಡಿ ಬರಲಿಕ್ಕೆ ಹೇಳಿ.