ಮನೆ ಕಟ್ಟುವ ಕಲ್ಲಿನ ಪರೀಕ್ಷೆ

ಬಂಡೆಯ ಮೇಲೆ ಮನೆ ಕಟ್ಟಿದ ಬುದ್ಧಿವಂತನ ಸಾಮ್ಯವನ್ನು ನಮ್ಮ ಶಾಲೆಯಲ್ಲಿ ಕಲಿತವರಾರೂ ಮರೆತಿರಲಾರರು. ಅಲ್ಲಿ ಅಸ್ತಿವಾರದ ಮಾತು ಬಂದಿದೆ. ಗೋಡೆಯ ಕಲ್ಲು ಎಂತಹದೆಂಬ ಮಾತು ಬಂದಿಲ್ಲ. ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ ಸುರಿಯುವ ಈ ಸೀಮೆಯಲ್ಲಿ, 1923ರಲ್ಲಿಯೂ 1974ರಲ್ಲಿಯೂ ನೇತ್ರಾವತಿಯು ಪೇಟೆಯೊಳಗೆ ನುಗ್ಗಿದ ಕಥೆಯನ್ನು ಹಿರಿಯರಿಂದ ಕೇಳಿರುವ ಬಂಟ್ವಾಳದವರಿಗೆ, ಆ ಎರಡನೆಯ ಮಾತೂ ಸಣ್ಣದಲ್ಲ.

ನಮ್ಮಲ್ಲಿ ಕಟ್ಟಡಕ್ಕೆ ಒದಗುವ ಕಲ್ಲುಗಳು ಮುಖ್ಯವಾಗಿ ಎರಡು: ಕರಿಯ ಶಿಲೆಕಲ್ಲು ಮತ್ತು ಕೆಂಪು ಮುರಕಲ್ಲು. ಶಿಲೆಕಲ್ಲಿನ ಬಾಳಿಕೆಗೆ ಸಾಕ್ಷಿ ಬೇಕಾದರೆ ಮೂಡುಬಿದಿರೆಗೆ ಹೋಗಬೇಕು. ಅಲ್ಲಿಯ ಸಾವಿರಕಂಬದ ಬಸದಿಯು 1430ರಲ್ಲಿ ಎದ್ದು ನಿಂತಿತು. ಅದಕ್ಕಾದರೂ ಇಳಿಜಾರಾದ ಮಾಡು ನೆರಳು ಕೊಡುತ್ತಿದೆ. ಬೆಳ್ತಂಗಡಿ ತಾಲೂಕಿನ ವೇಣೂರಿನಲ್ಲಿ 1604ರಲ್ಲಿ ಸ್ಥಾಪಿತವಾದ ಗೊಮ್ಮಟನಿಗೆ ಕೊಡೆಯೂ ಇಲ್ಲ, ಮಾಡೂ ಇಲ್ಲ. ನಾನೂರಕ್ಕೂ ಹೆಚ್ಚು ಮಳೆಗಾಲಗಳನ್ನು ಬರಿಮೈಯಲ್ಲಿ ಸಹಿಸಿ ನಿಂತಿದ್ದಾನೆ. ಹಾಗೆಂದು ಶಿಲೆಗೆ ಸವಕಳಿಯೇ ಇಲ್ಲವೆಂದು ತಿಳಿಯಬಾರದು. ಅದರೊಳಗಿನ ಫೆಲ್ಡ್‌ಸ್ಪಾರ್ ಎಂಬ ಖನಿಜವು ಅಂಗಾರಾಮ್ಲ ವಾಯು ಬೆರೆತ ಮಳೆನೀರಿಗೆ ಮೆಲ್ಲಮೆಲ್ಲನೆ ಬಿಳಿ ಜೇಡಿಯಾಗುವುದು. ಕರಿಯ ಅಭ್ರಕವು ಕಂದಿ ತುಕ್ಕಿನ ಕಲೆ ಬಿಡುವುದು. ಕಲ್ಲಹೂವು ತನ್ನ ಹುಳಿಯಿಂದ ಮೇಲ್ಮೈಯನ್ನು ಕೊರೆಯುವುದು. ಆದರೆ ಈ ಕೆಲಸ ಬಹು ನಿಧಾನ.

ಮುರಕಲ್ಲಿನ ಸಂಗತಿ ಬೇರೆ. ಹೊಸದಾಗಿ ಕೋರೆಯಿಂದ ತೆಗೆದಾಗ ಇದನ್ನು ಕೊಡಲಿಯಿಂದ ಕಡಿಯಬಹುದು. ಗಾಳಿ ಬಿಸಿಲಿಗೆ ಒಡ್ಡಿದರೆ ಗಟ್ಟಿಯಾಗುವುದು. ಮಲಬಾರಿನ ಅಂಗಾಡಿಪ್ಪುರದಲ್ಲಿ ಈ ಗುಣವನ್ನು ಕಂಡ ಫ್ರಾನ್ಸಿಸ್ ಬುಕಾನನ್ ಎಂಬ ಪ್ರವಾಸಿಯು, ಇಟ್ಟಿಗೆಗೆ ಲ್ಯಾಟಿನ್ ಭಾಷೆಯಲ್ಲಿರುವ ಹೆಸರನ್ನು ತೆಗೆದುಕೊಂಡು ಇದನ್ನು ಲ್ಯಾಟರೈಟ್ ಎಂದು ಕರೆದನು. ಅವನ ಗ್ರಂಥವು 1807ರಲ್ಲಿ ಅಚ್ಚಾಯಿತು. ಕಲ್ಲಿನಲ್ಲಿರುವ ಕಬ್ಬಿಣದ ಅಂಶವು ಒಣಗುತ್ತ ಹರಳುಗಟ್ಟಿ ಕಣಗಳನ್ನು ಬಂಧಿಸುವುದೇ ಈ ಗಟ್ಟಿತನಕ್ಕೆ ಕಾರಣ. ಅದರ ತೂತುಗಳಲ್ಲಿ ತುಂಬಿರುವ ಬಿಳಿ, ಹಳದಿ ಜೇಡಿಗೆ ಮಾತ್ರ ಆ ಭಾಗ್ಯವಿಲ್ಲ. ಮಳೆಗೆ ತೊಳೆದುಹೋಗಿ ಕಲ್ಲನ್ನು ಜೇನುಗೂಡಿನಂತೆ ಮಾಡುವುದು. ಕೋರೆಯಲ್ಲಿ ಕೆಳಕೆಳಗೆ ಹೋದಂತೆ ಸಾಮಾನ್ಯವಾಗಿ ಜೇಡಿ ಹೆಚ್ಚು, ಕಬ್ಬಿಣ ಕಡಿಮೆ. ಆದಕಾರಣ ಒಂದೇ ಕೋರೆಯ ಕಲ್ಲೆಲ್ಲ ಒಂದೇ ಗುಣದ್ದೆಂದು ನಂಬಿ ಹಣ ಕೊಡುವುದು ಜಾಣತನವಲ್ಲ.

ಈ ಗುಣವನ್ನು ತಿಳಿಯುವ ಮೊದಲನೆಯ ಪರೀಕ್ಷೆ ನೀರು ಹೀರುವಿಕೆಯದು. ಕಲ್ಲಿನ ತುಂಡನ್ನು ಒಲೆಪೆಟ್ಟಿಗೆಯಲ್ಲಿ ಪೂರಾ ಒಣಗಿಸಿ ತೂಗಬೇಕು; 24 ಗಂಟೆ ನೀರಿನಲ್ಲಿ ಮುಳುಗಿಸಿ, ಮೈಯ ನೀರನ್ನು ಬಟ್ಟೆಯಿಂದ ಒರಸಿ, ಮತ್ತೆ ತೂಗಬೇಕು. 800 ಗ್ರಾಂ ಇದ್ದ ತುಂಡು 896 ಗ್ರಾಂ ಆದರೆ ಅದು ಶೇಕಡಾ 12ರಷ್ಟು ನೀರು ಕುಡಿಯಿತು. 1979ರ ಭಾರತೀಯ ಮಾನಕ 3620 ಮುರಕಲ್ಲಿಗೆ ಹಾಕಿದ ಗಡಿಯೂ ಅದೇ. ಒಂದು ಚದರ ಸೆಂಟಿಮೀಟರಿಗೆ ಸುಮಾರು 35 ಕಿಲೋಗ್ರಾಂ ಭಾರವನ್ನಾದರೂ ಅದು ತಾಳಬೇಕೆಂದು ಅಲ್ಲಿಯೇ ಹೇಳಿದೆ. ಒಳ್ಳೆಯ ಶಿಲೆಕಲ್ಲು ಶೇಕಡಾ ಒಂದರಷ್ಟೂ ನೀರು ಹೀರುವುದಿಲ್ಲ.

ಎರಡನೆಯದು ಸ್ಮಿತ್ ಪರೀಕ್ಷೆ. ಗಾಜಿನ ನಳಿಗೆಯ ಮೂರನೆಯ ಒಂದು ಪಾಲು ತಿಳಿನೀರು ತುಂಬಿ, ಕಲ್ಲಿನ ಚಿಕ್ಕ ಚೂರುಗಳನ್ನು ಹಾಕಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಕಲಕಬೇಕು. ನೀರು ತಿಳಿಯಾಗಿಯೇ ಉಳಿದರೆ ಕಲ್ಲು ಗಟ್ಟಿ. ಅಕ್ಕಿ ತೊಳೆದ ನೀರಿನಂತೆ ಕದಡಿದರೆ ಮಣ್ಣಿನಂಶವುಂಟು. ಈ ಪ್ರಯೋಗಕ್ಕೆ ತಗಲುವ ಖರ್ಚು ಏನೂ ಇಲ್ಲದಿರುವುದರಿಂದಲೋ ಏನೋ, ಇದನ್ನು ಮಾಡುವವರು ವಿರಳ.

ಮೂರನೆಯದು ಉಪ್ಪಿನ ಪರೀಕ್ಷೆ. ನಮ್ಮ ಅಜ್ಜಿಯಂದಿರು ಉಪ್ಪು ಹಾಕಿಡುತ್ತಿದ್ದ ಮಣ್ಣಿನ ಮಡಕೆಯ ಹೊರಮೈ ಹಕ್ಕಳೆಯೆದ್ದು ಉದುರುತ್ತಿದ್ದುದನ್ನು ಕಂಡವರಿಗೆ ಇದು ಸುಲಭವಾಗಿ ತಿಳಿದೀತು. ಕಲ್ಲನ್ನು ಸೋಡಿಯಂ ಸಲ್ಫೇಟಿನ ದ್ರಾವಣದಲ್ಲಿ ನೆನೆಯಿಸಿ, ಸುಮಾರು 105 ಡಿಗ್ರಿ ಕಾವಿನಲ್ಲಿ ಒಣಗಿಸಿ, ಪುನಃ ನೆನೆಯಿಸುವರು. ಒಣಗಿದ ಉಪ್ಪು ಮತ್ತೆ ನೀರನ್ನು ಕೂಡಿಕೊಂಡು ಹರಳಾಗುವಾಗ ಅದರ ಗಾತ್ರ ಮೂರು ಪಾಲಿಗೂ ಮಿಗಿಲಾಗಿ ಬೆಳೆದು ತೂತಿನ ಗೋಡೆಗಳನ್ನು ಒಳಗಿನಿಂದ ಒತ್ತುವುದು. ಭಾರತೀಯ ಮಾನಕ 1126ರಲ್ಲಿ ಹೀಗೆ 30 ಸುತ್ತು ನಡೆಸಿ, ಎಷ್ಟು ತೂಕ ಉದುರಿತೆಂದು ಲೆಕ್ಕಮಾಡುವರು.

ಈ ಪರೀಕ್ಷೆಯ ಮೂಲವು ಫ್ರಾನ್ಸಿನಲ್ಲಿದೆ. ಬ್ರಾರ್ ಎಂಬಾತನು ಕಂಡುಹಿಡಿದ ಈ ಕ್ರಮವು 1828ರಲ್ಲಿ ಪ್ರಕಟವಾಯಿತು. ಹಿಮಗಟ್ಟಿದ ನೀರು ಕಲ್ಲನ್ನು ಸೀಳುವುದೋ ಇಲ್ಲವೋ ಎಂದು ಮುಂಗಾಣುವುದು ಅವನ ಉದ್ದೇಶ. ನಮ್ಮಲ್ಲಿ ಹಿಮವೆಲ್ಲಿಂದ ಬಂತು? ಆದುದರಿಂದ ಮುರಕಲ್ಲು ಈ ಪರೀಕ್ಷೆಯಲ್ಲಿ ಸೋತರೆ ಅದನ್ನು ಎಸೆಯಬೇಕೆಂದಿಲ್ಲ. ಬರಿಯ ನೀರಿನಲ್ಲಿ ನೆನೆಯಿಸಿ ಒಣಗಿಸುವ ಸುತ್ತುಗಳೂ, ನೆನೆದ ಕಲ್ಲಿನ ಬಲವನ್ನು ಅಳೆಯುವುದೂ ನಮ್ಮ ಹವೆಗೆ ಹೆಚ್ಚು ಒಪ್ಪುವುವೆಂದು ನನ್ನ ಅಭಿಪ್ರಾಯ. ಆದರೂ ಉಪ್ಪಿನ ಪಾಠ ವ್ಯರ್ಥವಲ್ಲ. ನೆಲದ ತೇವವು ಉಪ್ಪನ್ನು ಹೊತ್ತು ಗೋಡೆಯ ಬುಡದಲ್ಲಿ ಒಂದೆರಡು ಅಡಿ ಏರುವುದು. ಹಿಂದಿನ ಸುಣ್ಣದ ಗಾರೆಯು ಆ ತೇವವನ್ನು ಹೊರಕ್ಕೆ ಬಿಡುತ್ತಿತ್ತು. ಬಿಗಿಯಾದ ಸಿಮೆಂಟು ಅದನ್ನು ಒಳಗೇ ಕಟ್ಟಿಹಾಕುವುದರಿಂದ, ಗಾರೆ ನೋಟಕ್ಕೆ ಚೆನ್ನಾಗಿದ್ದರೂ ಅದರ ಹಿಂದೆ ಕಲ್ಲು ಪುಡಿಯಾಗುತ್ತಿರುವುದುಂಟು. ಮಳೆಗಾಲದಲ್ಲಿ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದ ಹಿರಿಯರನ್ನು ಹಾಸ್ಯಮಾಡಿದವರು ಇದನ್ನು ಯೋಚಿಸಲಿ.

ಮನೆ ಕಟ್ಟಿಸುವ ತಂದೆತಾಯಿಗಳು ಹೀಗೆ ಮಾಡಬಹುದು. ಕಲ್ಲಿನ ಲಾರಿ ಬಂದ ದಿನ, ಮೇಲಿನದೊಂದು, ನಡುವಿನದೊಂದು, ಬಿಳಿಚಿ ಕಾಣುವುದೊಂದು, ಹೀಗೆ ಮೂರು ಕಲ್ಲುಗಳಿಂದ ತುಂಡು ತೆಗೆದು ಗುರುತು ಹಾಕಿ ಮಗಳ ಕೈಗೆ ಕೊಡಿರಿ. ಒಂದು ವಾರ ಬಿಸಿಲಿನಲ್ಲಿ ಒಣಗಿಸಿ, ಅಡಿಗೆಮನೆಯ ತಕ್ಕಡಿಯಲ್ಲಿ ತೂಗಿ, ಒಂದು ಹಗಲು ಒಂದು ರಾತ್ರಿ ಬಾಲ್ದಿಯ ನೀರಿನಲ್ಲಿಟ್ಟು ಅವಳು ಲೆಕ್ಕ ಹೇಳಲಿ. ಪ್ರಯೋಗಶಾಲೆಯಷ್ಟು ನಿಖರವಾಗದಿದ್ದರೂ, ಮೂರರಲ್ಲಿ ಹೆಚ್ಚು ನೀರು ಕುಡಿದದ್ದು ಯಾವುದೆಂದು ತಿಳಿಯುವುದು. ಅಂತಹ ಕಲ್ಲನ್ನು ಅಸ್ತಿವಾರಕ್ಕೂ ಹೊರಗೋಡೆಗೂ ಬಿಟ್ಟು ಒಳಗಿನ ಅಡ್ಡಗೋಡೆಗೆ ಬಳಸಿರಿ. ನೀರಿನಲ್ಲಿ ಕರಗಿ ಬಾಲ್ದಿಯ ತಳದಲ್ಲಿ ಕೆಸರಾಗಿ ಕೂತರೆ ಲಾರಿಯಲ್ಲಿಯೇ ಹಿಂದೆ ಕಳುಹಿಸಿರಿ.