ಹೊಸ ಕಾರು ಕೊಳ್ಳುವ ಮುನ್ನ ಲೆಕ್ಕ ಬಿಡಿಸಿ ನೋಡಿ



ಸಂಘಕ್ಕೆ ಹಾಲು ಹಾಕಿದಾಗ ಲೀಟರ್ ಎಷ್ಟು, ಫ್ಯಾಟ್ ಎಷ್ಟು, ಎಸ್.ಎನ್.ಎಫ್. ಎಷ್ಟು ಎಂದು ನೋಡದೆ ನೀವು ಮನೆಗೆ ಹೋಗುವುದಿಲ್ಲ. ಆದರೆ ಕಾರು ಕೊಳ್ಳುವಾಗ ಮಾತ್ರ "ಎಲ್ಲಾ ಸೇರಿ ಇಷ್ಟು" ಎಂಬ ಒಂದೇ ಮಾತಿಗೆ ಒಪ್ಪಿಬಿಡುವುದುಂಟು. ವರ್ಷಗಟ್ಟಲೆ ಬಟವಾಡೆಯಲ್ಲಿ ಉಳಿಸಿದ ಹಣ ಸೋರಿಹೋಗುವುದು ಇಲ್ಲಿಯೇ.

ಆದ್ದರಿಂದ ಮೊದಲು ಲಿಖಿತ ಕೊಟೇಷನ್ ಕೇಳಿ. ಅದರಲ್ಲಿ ಷೋರೂಂ ಬೆಲೆ, ರಸ್ತೆ ತೆರಿಗೆ, ನೋಂದಣಿ ಶುಲ್ಕ, ವಿಮೆ ಮತ್ತು ಇತರ ಬಾಬುಗಳನ್ನು ಬಿಡಿಬಿಡಿಯಾಗಿ ಬರೆದಿರಬೇಕು. ತೆರಿಗೆ ಮತ್ತು ಸರ್ಕಾರಿ ಶುಲ್ಕದಲ್ಲಿ ಚೌಕಾಸಿ ಇಲ್ಲ. ಉಳಿದವುಗಳಲ್ಲಿ ಉಂಟು.

1. ಬೆಲೆ: ಒಂದೇ ಕಂಪನಿಯ ಎರಡು ಮೂರು ಡೀಲರುಗಳ ಕೊಟೇಷನ್ ತನ್ನಿ. ರಿಯಾಯಿತಿ ಎಲ್ಲರಲ್ಲೂ ಒಂದೇ ಇರುವುದಿಲ್ಲ. ಸಣ್ಣ ಕಾರುಗಳ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 18ಕ್ಕೆ ಇಳಿದಿದೆ, ಹಳೆಯ ದರಪಟ್ಟಿಗೆ ಒಪ್ಪಬೇಡಿ.

2. ವಿಮೆ: ಹೊಸ ಕಾರಿಗೆ ಮೂರು ವರ್ಷಗಳ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಆದರೆ ಅದನ್ನು ಡೀಲರ್ ಮೂಲಕವೇ ಮಾಡಿಸಬೇಕೆಂಬ ಕಡ್ಡಾಯವಿಲ್ಲ. ಹೊರಗೆ ವಿಚಾರಿಸಿ, ಎರಡನ್ನೂ ಹೋಲಿಸಿ.

3. ಇತರ ಬಾಬು: ಸೀಟ್ ಕವರ್, ಮ್ಯಾಟ್, ಪಾಲಿಷ್, ಹೆಚ್ಚುವರಿ ವಾರಂಟಿ ಇವೆಲ್ಲ ನಿಮ್ಮ ಇಷ್ಟ. ಬೇಡವಾದುದನ್ನು ಹೊಡೆದುಹಾಕಿಸಿ. "ಹ್ಯಾಂಡ್ಲಿಂಗ್ ಚಾರ್ಜ್" ಎಂದು ಬರೆದಿದ್ದರೆ ಅದು ಯಾವುದಕ್ಕೆಂದು ಕೇಳಿ, ತೆಗೆಯಲು ಹೇಳಿ.

4. ತಯಾರಾದ ತಿಂಗಳು: ಡಿಸೆಂಬರಿನಲ್ಲಿ ತಯಾರಾದ ಕಾರನ್ನು ಜನವರಿಯಲ್ಲಿ ಕೊಂಡರೂ ಮುಂದೆ ಮಾರುವಾಗ ಅದು ಒಂದು ವರ್ಷ ಹಳೆಯದೆಂದೇ ಲೆಕ್ಕ. ಅಂಥ ಗಾಡಿಗೆ ಹೆಚ್ಚಿನ ರಿಯಾಯಿತಿ ಕೇಳಿ. ತಯಾರಾದ ತಿಂಗಳು, ವರ್ಷ ಮಾರಾಟ ಪತ್ರವಾದ ಫಾರಂ 21ರಲ್ಲಿ ಇರುತ್ತದೆ.

5. ಸಾಲ: ಹೆಚ್ಚಿನವರು ಮೋಸಹೋಗುವುದು ಇಲ್ಲಿ. ಉದಾಹರಣೆಗೆ, 4 ಲಕ್ಷ ರೂ. ಸಾಲ, 5 ವರ್ಷ, "ಬರೀ ಶೇ. 7 ಫ್ಲ್ಯಾಟ್ ಬಡ್ಡಿ" ಎನ್ನುತ್ತಾರೆ. ಬಡ್ಡಿ 1,40,000 ರೂ., ತಿಂಗಳ ಕಂತು 9,000 ರೂ. ನೀವು ಪ್ರತಿ ತಿಂಗಳೂ ಅಸಲು ತೀರಿಸುತ್ತಿದ್ದರೂ ಕೊನೆಯವರೆಗೆ ಪೂರ್ತಿ 4 ಲಕ್ಷಕ್ಕೇ ಬಡ್ಡಿ ಹಾಕಿದಂತಾಯಿತು. ಉಳಿದ ಬಾಕಿಯ ಮೇಲೆ ಮಾತ್ರ ಲೆಕ್ಕ ಹಾಕಿದರೆ ಇದು ಸುಮಾರು ಶೇ. 12.5 ಬಡ್ಡಿಗೆ ಸಮ! ಬ್ಯಾಂಕ್ ಶೇ. 10 ಎಂದರೆ ಅದೇ ಅಗ್ಗ; ಕಂತು ಸುಮಾರು 8,500 ರೂ. ಆಗುತ್ತದೆ. ಆದ್ದರಿಂದ ಬಡ್ಡಿಯ ದರ ಕೇಳಿ ಸುಮ್ಮನಾಗದೆ, ಕಂತನ್ನು ತಿಂಗಳುಗಳಿಂದ ಗುಣಿಸಿ ಒಟ್ಟು ಎಷ್ಟು ಕಟ್ಟಬೇಕೆಂದು ನೋಡಿ.

ಕೊನೆಯದಾಗಿ ಒಂದು ಮಾತು. ಹಸು ಬತ್ತಿದ ತಿಂಗಳಲ್ಲೂ ಕಂತು ನಿಲ್ಲುವುದಿಲ್ಲ. ಹಾಲು ಕಡಿಮೆಯಾದಾಗಿನ ಬಟವಾಡೆಯಲ್ಲಿ ಮೇವು, ಹಿಂಡಿ, ಮನೆಖರ್ಚು ಕಳೆದು ಮಿಗುವ ಹಣಕ್ಕೆ ಹೊಂದುವ ಕಂತನ್ನೇ ಒಪ್ಪಿಕೊಳ್ಳಿ. ಲೆಕ್ಕ ಮುಗಿಯುವವರೆಗೆ ಮುಂಗಡ ಕೊಡಬೇಡಿ. ಕೊಟ್ಟ ಪ್ರತಿ ರೂಪಾಯಿಗೂ ರಸೀದಿ ಪಡೆಯಿರಿ.