ಬಸಿದ ಮೊಸರು ರೂಢಿಯಾಗುವ ಬಗೆ

ಅಂಬಾಜಿದುರ್ಗದ ಸುತ್ತಿನ ಮನೆಗಳಲ್ಲಿ ರಾಗಿಮುದ್ದೆ, ಸಾರು, ಕೊನೆಗೆ ಮಜ್ಜಿಗೆ ಎಂಬುದು ಊಟದ ಕ್ರಮ. ಶಾಕಾಹಾರಿಗಳಾದ ಭಕ್ತರಲ್ಲಿ, ಅದರಲ್ಲಿಯೂ ವಯಸ್ಸಾದವರಲ್ಲಿ, ಹಲ್ಲು ಸಡಿಲಗೊಂಡು ಕಾಳುಗಳ ಸೇವನೆ ಕುಗ್ಗಿದಾಗ ಸಸಾರಜನಕ ಸಾಲದೆ ಸ್ನಾಯುಗಳು ಸೊರಗುತ್ತವೆ. ಅಂಥವರಿಗೆ ಪಟ್ಟಣದಲ್ಲಿರುವ ಮಕ್ಕಳು ‘ಗ್ರೀಕ್ ಯೋಗರ್ಟ್’ ಡಬ್ಬಿ ತಂದುಕೊಡುವುದುಂಟು. ಒಂದು ಚಮಚ ತಿಂದು, “ಇದೇನು, ಸುಣ್ಣದಂತೆ ಅಂಟುತ್ತದೆ” ಎಂದು ಹಿರಿಯರು ಬದಿಗಿಡುವುದೂ ಉಂಟು.

ವಾಸ್ತವವಾಗಿ ಅದು ನೀರು ಬಸಿದ ಮೊಸರೇ. ಉತ್ತರ ಕರ್ನಾಟಕದವರು ಶ್ರೀಖಂಡಕ್ಕಾಗಿ ಬಟ್ಟೆಯಲ್ಲಿ ಕಟ್ಟುವುದೂ ಇದನ್ನೇ. 100 ಗ್ರಾಂ ಸಾಮಾನ್ಯ ಮೊಸರಿನಲ್ಲಿ ಸಸಾರಜನಕ ಸುಮಾರು 3 ಗ್ರಾಂ. ಬಸಿದು ಅರ್ಧಕ್ಕಿಳಿದರೆ ಅಷ್ಟೇ ತೂಕದಲ್ಲಿ ಸುಮಾರು 6 ಗ್ರಾಂ, ಮೂರನೆಯ ಒಂದು ಪಾಲಿಗಿಳಿದರೆ 8 ಗ್ರಾಂ ದೊರೆಯುತ್ತದೆ. ಜಿಡ್ಡೂ ಹಾಗೆಯೇ ಏರುವುದರಿಂದ ಕೆನೆ ತೆಗೆದ ಹಾಲಿನ ಮೊಸರು ಲೇಸು.

ಹೆಪ್ಪಾದೊಡನೆ, ಹುಳಿಯೇರುವ ಮುನ್ನ, ಮೊಸರನ್ನು ಶುಭ್ರವಾದ ತೆಳುಬಟ್ಟೆಯಲ್ಲಿ ಕಟ್ಟಿ, ಜರಡಿಯ ಮೇಲಿರಿಸಿ, ಫ್ರಿಜ್ಜಿನಲ್ಲಿ ನಾಲ್ಕೈದು ಗಂಟೆ ಬಸಿಯಬೇಕು. ಬೇಸಿಗೆಯಲ್ಲಿ ಹೊರಗೆ ತೂಗುಹಾಕಿದರೆ ಹುಳಿಯಾಗುತ್ತದೆ. ಅನೇಕರಿಗೆ ಇದು ಹಿಡಿಸದಿರುವುದು ಆ ಹುಳಿಯಿಂದಲೇ. ಮೊದಲ ವಾರ ಎರಡು ಚಮಚದಷ್ಟನ್ನು ಮನೆಯ ಮೊಸರಿನೊಡನೆ ಕಲಸಿ, ಸೌತೆಕಾಯಿ ತುರಿ, ಉಪ್ಪು, ಸಾಸಿವೆಯ ಒಗ್ಗರಣೆ ಸೇರಿಸಿ ರಾಗಿರೊಟ್ಟಿಗೆ ಹಚ್ಚಿಕೊಳ್ಳಲಿ. ಹುಚ್ಚೆಳ್ಳು ಚಟ್ನಿಯಿದ್ದರಂತೂ ಮಂದತನ ನಾಲಗೆಗೆ ತಿಳಿಯದು. ಬಳಿಕ ಮನೆಯ ಮೊಸರಿನ ಪಾಲನ್ನು ಕ್ರಮೇಣ ತಗ್ಗಿಸಬಹುದು.

ಬಸಿದ ನೀರನ್ನು ಚೆಲ್ಲಬಾರದು. ಸುಣ್ಣಾಂಶ ಅದರಲ್ಲಿಯೂ ಉಂಟು. ರೊಟ್ಟಿಯ ಹಿಟ್ಟು ಕಲಸಲು ಬಳಸಿರಿ. ಪೇಟೆಯ ಡಬ್ಬಿ ಕೊಳ್ಳುವವರು ಸಕ್ಕರೆಯ ಪ್ರಮಾಣವನ್ನೂ ಹಸಿರು ಗುರುತನ್ನೂ ನೋಡಿಕೊಳ್ಳಲಿ. ಮೂತ್ರಪಿಂಡದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ಆರಂಭಿಸತಕ್ಕದ್ದು.